ಕೇರಳದ ಗ್ರಂಥಪಾಲಕರು ಒಂದುಗೂಡಿದ ಬಗೆ

ತಿರುವನಂತಪುರದ ಸಾರ್ವಜನಿಕ ಗ್ರಂಥಾಲಯ 1829ರಲ್ಲಿ ಹುಟ್ಟಿತು. ಆಗ ತಿರುವಾಂಕೂರಿನ ಗದ್ದುಗೆಯಲ್ಲಿದ್ದವರು ಸ್ವಾತಿ ತಿರುನಾಳ್. ಕನ್ನಡದಲ್ಲೂ ಕೀರ್ತನೆ ರಚಿಸಿದ ದೊರೆಯೆಂದು ಸಂಗೀತಪ್ರಿಯರಿಗೆ ಪರಿಚಿತರು. ಮೊದಮೊದಲು ಆ ಗ್ರಂಥಾಲಯ ಯುರೋಪಿಯನ್ನರಿಗೂ ಅರಮನೆಯ ಬಳಗಕ್ಕೂ ಮೀಸಲಾಗಿತ್ತು. ಸಾಮಾನ್ಯ ಓದುಗರಿಗೆ ಬಾಗಿಲು ತೆರೆದದ್ದು 19ನೇ ಶತಮಾನದ ಕೊನೆಯಲ್ಲಿ. ಈಗಲೂ ರಾಜ್ಯ ಕೇಂದ್ರ ಗ್ರಂಥಾಲಯವಾಗಿರುವ ಕೆಂಪು ಕಟ್ಟಡ 1900ರದು. ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ 1870ರಲ್ಲಿ ಇನ್ನೊಂದು ಗ್ರಂಥಾಲಯ ಆರಂಭವಾಯಿತು. ಎರಡೂ ಹೆಸರಾದ ಸಂಸ್ಥೆಗಳೇ. ಆದರೆ ಕೇರಳದ ಗ್ರಂಥಪಾಲಕರು ಪರಸ್ಪರ ಭೇಟಿಯಾಗಿ, ಕೆಲಸದ ಕಷ್ಟಸುಖ ಹಂಚಿಕೊಂಡು ಕಲಿಯುವ ಪದ್ಧತಿ ಈ ದೊಡ್ಡ ಕಟ್ಟಡಗಳಲ್ಲಿ ಹುಟ್ಟಲಿಲ್ಲ. ಅದು ಹಳ್ಳಿಯಿಂದ ಬಂತು, ಹಾಗೆ ಬಂದದ್ದರ ಗುರುತು ಇಂದಿಗೂ ಅಳಿದಿಲ್ಲ.

20ನೇ ಶತಮಾನದ ಮೊದಲರ್ಧದಲ್ಲಿ ತಿರುವಾಂಕೂರಿನ ಊರೂರಿನಲ್ಲೂ ವಾಚನಾಲಯಗಳು ಎದ್ದವು. ಬಾಡಿಗೆಯ ಒಂದು ಕೋಣೆ, ಒಂದೆರಡು ಬೆಂಚು, ದಿನಪತ್ರಿಕೆ, ಊರವರು ಕೊಟ್ಟ ಪುಸ್ತಕಗಳಷ್ಟೇ ಅವುಗಳ ಆಸ್ತಿ. ಸಂಜೆ ಬಾಗಿಲು ತೆಗೆದು ಪುಸ್ತಕ ಕೊಡುವವನಿಗೆ ಸಂಬಳವೂ ಇರಲಿಲ್ಲ, ತರಬೇತಿಯೂ ಇರಲಿಲ್ಲ. ಅಂಥದೊಂದು ವಾಚನಾಲಯವನ್ನು ನೀಲಂಪೇರೂರಿನಲ್ಲಿ ಕಟ್ಟಿದವರು ಶಾಲಾಮಾಸ್ತರರಾಗಿದ್ದ ಪಿ.ಎನ್. ಪಣಿಕ್ಕರ್ (1909–1995). ಒಂದೊಂದೇ ಆಗಿ ನಿಂತರೆ ಈ ವಾಚನಾಲಯಗಳು ಹೆಚ್ಚು ಕಾಲ ಬಾಳಲಾರವು ಎಂಬುದು ಅವರಿಗೆ ಬೇಗ ತಿಳಿಯಿತು.

1945ರ ಸೆಪ್ಟೆಂಬರ್ 14ರಂದು ಅಂಬಲಪ್ಪುಳದ ಪಿ.ಕೆ. ಸ್ಮಾರಕ ಗ್ರಂಥಾಲಯದಲ್ಲಿ 47 ಗ್ರಾಮೀಣ ಗ್ರಂಥಾಲಯಗಳ ಪ್ರತಿನಿಧಿಗಳು ಸೇರಿದರು. ಆ ಸಭೆಯನ್ನು ಉದ್ಘಾಟಿಸಿದವರು ತಿರುವಾಂಕೂರಿನ ದಿವಾನ್ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್. ತಿರುವಾಂಕೂರು ಗ್ರಂಥಶಾಲಾ ಸಂಘ ರೂಪುಗೊಂಡದ್ದು ಅಲ್ಲಿಯೇ. ಈ ನೆಲದಲ್ಲಿ ಗ್ರಂಥಾಲಯದ ಜನ ಒಂದೆಡೆ ಸೇರಿದ ಸಭೆಗಳಲ್ಲಿ ಬಹುಕಾಲ ಫಲ ಕೊಟ್ಟದ್ದು ಇದೇ ಎನ್ನಬಹುದು. 1949ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಒಂದಾದಾಗ ಸಂಘವೂ ತಿರು-ಕೊಚ್ಚಿ ಗ್ರಂಥಶಾಲಾ ಸಂಘವಾಯಿತು. 1956ರಲ್ಲಿ ಮಲಬಾರೂ ಸೇರಿ ಕೇರಳ ರಾಜ್ಯ ಆದ ಮೇಲೆ ಕೇರಳ ಗ್ರಂಥಶಾಲಾ ಸಂಘವಾಯಿತು. ಪಣಿಕ್ಕರ್ 1977ರವರೆಗೂ, ಅಂದರೆ 32 ವರ್ಷ, ಅದರ ಕಾರ್ಯದರ್ಶಿಯಾಗಿದ್ದರು.

ಅದೇ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ ಸಾಗಿದ್ದು ಬೇರೆ ದಾರಿಯಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಕಟ್ಟಲು ಮುಂದಾದರು. ಮರುವರ್ಷವೇ ತರಬೇತಿ ಶಾಲೆ ಆರಂಭಿಸಿದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಅಲ್ಲಿ ಮೊದಲು ಬಂದದ್ದು ಶಾಸ್ತ್ರ ಮತ್ತು ಶಿಕ್ಷಣ, ಆಮೇಲೆ 1948ರಲ್ಲಿ ಕಾನೂನು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಮದ್ರಾಸಿನ ಈ ಕಾನೂನಿನ ವ್ಯಾಪ್ತಿಗೆ ಬರುತ್ತಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ವಾಚನಾಲಯಗಳು ಕೇರಳ ಗ್ರಂಥಶಾಲಾ ಸಂಘದ ಪದ್ಧತಿಯನ್ನು ಹೊಸದಾಗಿಯೇ ಕಲಿಯಬೇಕಾಯಿತು.

ಸಂಘದ ಪದ್ಧತಿಯ ಜೀವಾಳ ತಾಲೂಕು ಮಟ್ಟದ ಸಭೆ. ಹೊಸ ವಾಚನಾಲಯಕ್ಕೆ ಮಾನ್ಯತೆ, ಸರ್ಕಾರದ ಅನುದಾನ, ಪುಸ್ತಕಗಳ ಆಯ್ಕೆ ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿದ್ದವು. ಪುಸ್ತಕ ದಾಖಲೆ ಹೇಗೆ ಬರೆಯಬೇಕು, ವಿತರಣೆಯ ರಿಜಿಸ್ಟರ್‌ನಲ್ಲಿ ಯಾವ ಕಾಲಂ ಇರಬೇಕು ಎಂಬಂಥ ಸಣ್ಣ ಸಂಗತಿಯನ್ನು ಹೊಸಬ ಹಳಬನಿಂದ ತಿಳಿದುಕೊಂಡದ್ದು ಇಂಥ ಕೂಟಗಳಲ್ಲಿಯೇ. ಸಂಘದ ಮಾಸಪತ್ರಿಕೆ ‘ಗ್ರಂಥಾಲೋಕಂ’ ದೂರದ ಊರುಗಳವರನ್ನು ಬೆಸೆಯಿತು. 1970ರಲ್ಲಿ, ಸಂಘಕ್ಕೆ 25 ವರ್ಷ ತುಂಬಿದಾಗ, ಕಾರ್ಯಕರ್ತರು ತಿರುವನಂತಪುರ ಜಿಲ್ಲೆಯ ದಕ್ಷಿಣದ ಅಂಚಿನ ಪಾರಶ್ಶಾಲದಿಂದ ಕಾಸರಗೋಡಿನವರೆಗೆ ‘ಓದಿ ಬೆಳೆಯಿರಿ’ ಎಂಬ ಕರೆಯೊಂದಿಗೆ ಪಾದಯಾತ್ರೆ ಮಾಡಿದರು. ದಾರಿಯುದ್ದಕ್ಕೂ ವಾಚನಾಲಯಗಳ ಬಳಿ ಸಭೆಗಳಾದವು. ಗ್ರಂಥಪಾಲಕರು ಊರಿಂದೂರಿಗೆ ನಡೆದುಕೊಂಡೇ ಹೋಗಿ ತಮ್ಮವರನ್ನು ಕಂಡ ಇಂಥ ಯಾತ್ರೆಗೆ ಸಾಟಿಯಾದದ್ದು ಭಾರತದ ಗ್ರಂಥಾಲಯ ಇತಿಹಾಸದಲ್ಲಿ ವಿರಳ. 1975ರಲ್ಲಿ ಸಾಕ್ಷರತೆಯ ಕೆಲಸಕ್ಕಾಗಿ ಯುನೆಸ್ಕೋದ ಕ್ರುಪ್ಸ್ಕಾಯ ಪ್ರಶಸ್ತಿ ಸಂಘಕ್ಕೆ ಬಂತು.

ಇಷ್ಟರಲ್ಲಿ ಮತ್ತೊಂದು ಧಾರೆ ತಿರುವನಂತಪುರದಲ್ಲಿ ಚಿಗುರಿತ್ತು. ಕೇರಳ ವಿಶ್ವವಿದ್ಯಾಲಯ 1961ರಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗ ತೆರೆಯಿತು. ಮರುವರ್ಷ ರಂಗನಾಥನ್ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿ.ಆರ್.ಟಿ.ಸಿ.) ಸ್ಥಾಪಿಸಿದರು. ವರ್ಗೀಕರಣ, ಸೂಚೀಕರಣ, ದಾಖಲೀಕರಣ ಕಲಿತ ಪದವೀಧರರು ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಸೇರಿ ತಮ್ಮದೇ ವೃತ್ತಿಸಂಘಗಳನ್ನು ಕಟ್ಟಿಕೊಂಡರು; ವಿಚಾರಸಂಕಿರಣಗಳಲ್ಲಿ ಪ್ರಬಂಧ ಓದಿದರು. ಹಳ್ಳಿಯ ವಾಚನಾಲಯದವರು ಆ ಸಭೆಗಳಲ್ಲಿ ಇರಲಿಲ್ಲ. ವಿಶ್ವವಿದ್ಯಾಲಯದವರು ತಾಲೂಕು ಸಭೆಗೆ ಹೋದದ್ದೂ ಅಪರೂಪ. ಕೇರಳದ ಗ್ರಂಥಾಲಯ ಕ್ಷೇತ್ರಕ್ಕೆ ಇದರಿಂದ ಆದ ನಷ್ಟ ದೊಡ್ಡದು. ಒಂದು ಕಡೆ ಸಾವಿರಾರು ಓದುಗರ ನಾಡಿ ಬಲ್ಲವರು, ಇನ್ನೊಂದು ಕಡೆ ಶಾಸ್ತ್ರ ಬಲ್ಲವರು. ಇಬ್ಬರಿಗೂ ಮಾತಾಡಲು ಸಾಮಾನ್ಯ ವೇದಿಕೆ ಇರಲಿಲ್ಲ.

1977ರಲ್ಲಿ ಸಂಘದ ಆಡಳಿತವನ್ನು ಸರ್ಕಾರ ಕೈಗೆ ತೆಗೆದುಕೊಂಡಿತು, ಪಣಿಕ್ಕರ್ ಸಾಕ್ಷರತೆಯ ಕೆಲಸಕ್ಕೆ ತಿರುಗಿದರು. ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1989ರಲ್ಲಿ; ರಂಗನಾಥನ್ ಬಹಳ ಹಿಂದೆಯೇ ಈ ರಾಜ್ಯಕ್ಕೂ ಒಂದು ಮಸೂದೆಯ ಕರಡು ಬರೆದುಕೊಟ್ಟಿದ್ದರು. ಚಳವಳಿಯ ಇಂಥ ಇತಿಹಾಸವಿಲ್ಲದ ಮೈಸೂರು ರಾಜ್ಯದಲ್ಲಿ 1965ರಲ್ಲೇ ಕಾನೂನಾಗಿತ್ತು. ಆದರೆ ಎರಡರ ಸ್ವರೂಪ ಬೇರೆ. ಕರ್ನಾಟಕದಲ್ಲಿ ಗ್ರಂಥಾಲಯ ಇಲಾಖೆಯೇ ಗ್ರಂಥಾಲಯ ನಡೆಸುತ್ತದೆ, ಗ್ರಂಥಪಾಲಕ ಇಲಾಖೆಯ ನೌಕರ. ಕೇರಳದಲ್ಲಿ ಊರಿನ ವಾಚನಾಲಯ ಊರಿನದೇ ಆಗಿ ಉಳಿಯಿತು. ಅವುಗಳ ಪ್ರತಿನಿಧಿಗಳೇ ತಾಲೂಕು, ಜಿಲ್ಲೆ, ರಾಜ್ಯ ಮಟ್ಟದ ಗ್ರಂಥಾಲಯ ಪರಿಷತ್ತುಗಳಿಗೆ ಚುನಾಯಿತರಾಗುತ್ತಾರೆ. ತಿರುವನಂತಪುರದಲ್ಲಿ ನೆಲೆಯಾದ ರಾಜ್ಯ ಪರಿಷತ್ತು 1994ರಲ್ಲಿ ಕೆಲಸ ಆರಂಭಿಸಿತು. ಕಟ್ಟಡ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರವೂ ಶಿಕ್ಷಣ ಬಜೆಟ್ಟಿನ ಪಾಲೂ ಅದರ ಆದಾಯ.

ಪರಿಷತ್ತಿನ ವ್ಯವಸ್ಥೆಯಲ್ಲಿ ಗ್ರಾಮದ ಗ್ರಂಥಪಾಲಕನಿಗೆ ಸಿಗುವುದು ಸಂಬಳವಲ್ಲ, ಸಣ್ಣ ಗೌರವಧನ. ತನಿಖೆಗೆ ಬರುವವರು ಪುಸ್ತಕ ದಾಸ್ತಾನು, ವಿತರಣೆ, ಸದಸ್ಯತ್ವ, ಸಭಾ ನಡಾವಳಿಗಳ ರಿಜಿಸ್ಟರ್ ತೆಗೆದು ನೋಡಿ ಗ್ರೇಡ್ ನಿಗದಿ ಮಾಡುತ್ತಾರೆ. ಗ್ರೇಡಿಗೆ ತಕ್ಕಂತೆ ಅನುದಾನ. ಹೀಗಾಗಿ ರಿಜಿಸ್ಟರ್ ಸರಿಯಾಗಿ ಬರೆಯುವ ಕಲೆ ವಾಚನಾಲಯದ ಅಳಿವು ಉಳಿವಿನ ಪ್ರಶ್ನೆ. ಪರಿಷತ್ತು ನಡೆಸುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇಂಥವರಿಗೆ ವೃತ್ತಿಶಿಕ್ಷಣದ ಮೊದಲ ಮೆಟ್ಟಿಲು. ಜಿಲ್ಲಾ ಪರಿಷತ್ತುಗಳ ಪುಸ್ತಕೋತ್ಸವಕ್ಕೂ ಅಷ್ಟೇ ಬೆಲೆಯಿದೆ. ಅನುದಾನದ ಹಣ ಹಿಡಿದು ಪುಸ್ತಕ ಕೊಳ್ಳಲು ಬಂದ ಬೇರೆ ಬೇರೆ ಊರಿನ ಗ್ರಂಥಪಾಲಕರು ಮಳಿಗೆಗಳ ಮುಂದೆ ನಿಂತು ಓದುಗರು ಏನು ಕೇಳುತ್ತಾರೆ, ಯಾವುದು ಕಪಾಟಿನಲ್ಲೇ ಉಳಿಯುತ್ತದೆ ಎಂದು ಮಾತಾಡಿಕೊಳ್ಳುವ ಜಾಗ ಅದು. ಅಲ್ಲಿ ಸಿಗುವ ತಿಳಿವಳಿಕೆ ಯಾವ ಕೋರ್ಸಿನಲ್ಲೂ ಸಿಗದು.

ಕಾಲೇಜು ಗ್ರಂಥಪಾಲಕರ ಕಲಿಕೆ ಕಡ್ಡಾಯದ ರೂಪ ಪಡೆದದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದಿಂದ (ಯುಜಿಸಿ). 1987ರಲ್ಲಿ ಕೇರಳ ವಿಶ್ವವಿದ್ಯಾಲಯದಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜು ಆರಂಭವಾಯಿತು. ಯುಜಿಸಿ ವೇತನಶ್ರೇಣಿಯಲ್ಲಿ ಬಡ್ತಿ ಬೇಕಾದವರು ಅಂಥ ಕಾಲೇಜಿನ ಪುನಶ್ಚೇತನ ಶಿಬಿರ ಮುಗಿಸಲೇಬೇಕಾಯಿತು. ಬಡ್ತಿಗಾಗಿ ಬಂದವರಿಗೂ ಬೇರೆ ಕಾಲೇಜುಗಳ ಸಹೋದ್ಯೋಗಿಗಳ ಪರಿಚಯ ಆಗಿಯೇ ಆಗುತ್ತಿತ್ತು.

ಕೊಚ್ಚಿಯ ಸರದಿ ಬಂದದ್ದು ಕಂಪ್ಯೂಟರಿನ ಜೊತೆ. ಡೆಲ್ನೆಟ್ ಎಂಬ ಗ್ರಂಥಾಲಯ ಜಾಲ ನಡೆಸುವ ರಾಷ್ಟ್ರೀಯ ಸಮ್ಮೇಳನ ನ್ಯಾಕ್ಲಿನ್ 2002ರಲ್ಲಿ ಕೊಚ್ಚಿಯಲ್ಲಿ ಸೇರಿತು. 2005ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್ ತನ್ನ ಕ್ಯಾಲಿಬರ್ ಸಮ್ಮೇಳನವನ್ನು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ನಡೆಸಿತು. ಅದರ ವಿಷಯ ಬಹುಭಾಷಾ ಕಂಪ್ಯೂಟಿಂಗ್. ಸಮಸ್ಯೆ ನಿತ್ಯದ ಕೆಲಸದ್ದೇ ಆಗಿತ್ತು. ಭಾರತೀಯ ಭಾಷೆಗಳ ಪುಸ್ತಕವನ್ನು ಕಂಪ್ಯೂಟರಿಗೆ ಸೇರಿಸುವಾಗ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವ ರೂಢಿ ಬೆಳೆದಿತ್ತು. ಮಲಯಾಳಂ ಕಾದಂಬರಿಕಾರ ತಕಳಿ ಶಿವಶಂಕರ ಪಿಳ್ಳೈ ಅವರ ಹೆಸರನ್ನು ಒಬ್ಬರು ಒಂದು ಬಗೆಯಲ್ಲಿ, ಇನ್ನೊಬ್ಬರು ಮತ್ತೊಂದು ಬಗೆಯಲ್ಲಿ ಬರೆದರೆ ಒಬ್ಬನೇ ಲೇಖಕ ಇಬ್ಬರಾಗುತ್ತಿದ್ದ. ಕಾರಂತರ ಕಾದಂಬರಿ ಹುಡುಕುವ ಕನ್ನಡ ಓದುಗನದೂ ಅದೇ ಪಾಡು. ಯುನಿಕೋಡ್ ಬಳಕೆಗೆ ಬಂದು, ಹಣ ಕೊಡದೆ ಪಡೆಯಬಹುದಾದ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹರಡಿದ ಮೇಲೆ ಸೂಚಿಯನ್ನು ಆಯಾ ಲಿಪಿಯಲ್ಲೇ ಸಿದ್ಧಪಡಿಸುವುದು ಸಾಧ್ಯವಾಯಿತು. ಕೋಹಾ ಕಲಿಸುವ ಕಮ್ಮಟಗಳು ಕೇರಳದ ಗ್ರಂಥಪಾಲಕರನ್ನು ಮತ್ತೆ ಮತ್ತೆ ಒಂದೆಡೆ ಸೇರಿಸಿದವು. ಪ್ರಬಂಧ ಕೇಳಿ ಎದ್ದುಹೋಗುವ ಸಂಕಿರಣಕ್ಕಿಂತ ಕಂಪ್ಯೂಟರಿನ ಮುಂದೆ ಕೂತು ಕಲಿಯುವ ಕಮ್ಮಟ ಹೆಚ್ಚು ಉಪಯೋಗಕ್ಕೆ ಬಂತೆಂಬುದರಲ್ಲಿ ಅನುಮಾನವಿಲ್ಲ.

ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಕೇರಳ 1996ರಿಂದ ವಾಚನ ದಿನವಾಗಿ ಆಚರಿಸುತ್ತಿದೆ. 2017ರ ಜೂನ್ 17ರಂದು ಕೊಚ್ಚಿಯ ಸೇಂಟ್ ತೆರೇಸಾ ಕಾಲೇಜಿನಲ್ಲಿ ಪ್ರಧಾನಿ ನರೇಂದ್ರ ಮೋದಿ ವಾಚನ ಮಾಸಾಚರಣೆಗೆ ಚಾಲನೆ ಕೊಟ್ಟರು. ಇಂದು ಪರಿಷತ್ತಿನ ಮಾನ್ಯತೆ ಪಡೆದ ಗ್ರಂಥಾಲಯಗಳು ಎಂಟು ಸಾವಿರಕ್ಕೂ ಹೆಚ್ಚು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ವಾಚನಾಲಯಗಳ ಆಡಳಿತದ ನಂಟು ತಿರುವನಂತಪುರದ ಜೊತೆಗಾದರೆ ಕನ್ನಡ ಪುಸ್ತಕಕ್ಕೆ ಅವು ನೋಡಬೇಕಾದದ್ದು ಮಂಗಳೂರು, ಬೆಂಗಳೂರಿನ ಪ್ರಕಾಶಕರ ಕಡೆಗೆ. ಗಡಿಯ ಎರಡೂ ಕಡೆಯ ಗ್ರಂಥಪಾಲಕರು ವರ್ಷಕ್ಕೊಮ್ಮೆಯಾದರೂ ಒಂದೆಡೆ ಕೂತು ಪುಸ್ತಕದ ಆಯ್ಕೆ, ಕನ್ನಡ ಸೂಚೀಕರಣ, ತರಬೇತಿಯ ಬಗ್ಗೆ ಮಾತಾಡಿಕೊಂಡರೆ ಈ ವಾಚನಾಲಯಗಳಿಗೆ ಆಗುವ ಪ್ರಯೋಜನ ದೊಡ್ಡದು.