ಸುರಪುರದ ಸಮರ: ಕಾರಣವಿಚಾರ

೧೮೫೮ನೆಯ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕನು ಆಂಗ್ಲರೊಡನೆ ಕಾದಿದುದಕ್ಕೆ ಉತ್ತರದೇಶದ ಸಿಪಾಯಿಗಳ ದಂಗೆಯೇ ಕಾರಣವೆಂದು ಹೇಳುವುದು ವಾಡಿಕೆ. ಅದು ನಿಮಿತ್ತಮಾತ್ರವೆಂದೂ, ಉಪಾದಾನವು ಋಣವೆಂದೂ ನಮ್ಮ ಅಭಿಪ್ರಾಯ.

ಭೀಮೆಯ ಈಚೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಆಗ ನಿಜಾಮನ ಸೀಮೆಯಾಗಿದ್ದವು. ಆಚೆಯ ಸುರಪುರವು ಅವನಿಗೆ ಪೇಷ್ಕಷ್ ಸಲ್ಲಿಸುತ್ತಿದ್ದ ಸಂಸ್ಥಾನ. ಕಂಪನಿಯ ಅಧಿಕಾರಿಗಳು ನಡೆಯಿಸುತ್ತಿದ್ದ ಕಂಟಿಂಜೆಂಟ್ ಸೈನ್ಯದ ವೆಚ್ಚದಿಂದ ನಿಜಾಮನು ಸಾಲಗಾರನಾದನು. ಅದಕ್ಕಾಗಿ ೧೮೫೩ರಲ್ಲಿ ವರ್ಹಾಡ, ನಳದುರ್ಗ, ರಾಯಚೂರು ಪ್ರಾಂತಗಳು ಕಂಪನಿಯ ಕೈಸೇರಿದವು. ಸುರಪುರದ ಬಾಕಿಯೂ ಅಂತೆಯೇ ಬೆಳೆದುದರಿಂದ, ಬಾಲರಾಜನ ಪರವಾಗಿ ಮೆಡೋಸ್ ಟೇಲರನು ೧೮೫೩ರವರೆಗೆ ಆಡಳಿತ ನಡೆಯಿಸಿದನು. ರಾಜನು ಅವನನ್ನು ‘ಅಪ್ಪಾ’ ಎನ್ನುತ್ತಿದ್ದನಂತೆ. ಟೇಲರನಾದರೋ ದುರ್ಮಂತ್ರಿಗಳ ಮೇಲೆ ದೋಷವಿಡುತ್ತಾನೆ. ಸಾಕಿದವನ ಮಾತನ್ನು ತಳ್ಳಲಾಗದು. ಆದರೆ ಅವನು ಆಂಗ್ಲರ ಅಧಿಕಾರಿಯೂ ಅಹುದಷ್ಟೆ!

ರಾಜನ ನಡತೆಯನ್ನು ವಿಚಾರಿಸಲು ಕ್ಯಾಪ್ಟನ್ ಕ್ಯಾಂಬೆಲನು ಬಂದನು. ಅವನ ಪಾಳೆಯದ ಮೇಲೆ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಹೈದರಾಬಾದಿಗೆ ಹೋದ ರಾಜನು ಅಲ್ಲಿ ಸೆರೆಸಿಕ್ಕಿದನು. ಮರಣದಂಡನೆಯು ಇಳಿದಿಳಿದು ನಾಲ್ಕು ವರ್ಷಗಳ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವಾಗಲೇ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಮೃತನಾದನು.

೧೮೬೦ರ ಒಪ್ಪಂದದಲ್ಲಿ ಆಂಗ್ಲ ಸರಕಾರವು ನಿಜಾಮನ ೫೦ ಲಕ್ಷ ರೂಪಾಯಿಗಳ ಸಾಲವನ್ನು ಬಿಟ್ಟಿತು, ರಾಯಚೂರು, ನಳದುರ್ಗಗಳನ್ನು ಮರಳಿಸಿತು. ಸುರಪುರವನ್ನೂ ಅದೇ ಪತ್ರದಲ್ಲಿ ಅವನಿಗೊಪ್ಪಿಸಿತು.