ಪಾಠ ಯೋಜನೆ: ಹಾಸನ ಸೀಮೆಯ ಶಾಲೆಗಳಲ್ಲಿ

ಒಂದು ಅವಧಿಯಲ್ಲಿ ಏನು ಕಲಿಸಬೇಕು, ಎಲ್ಲಿಂದ ಆರಂಭಿಸಬೇಕು, ಕೈಯಲ್ಲಿ ಯಾವ ಪಾಠೋಪಕರಣ ಇರಬೇಕು, ಮಕ್ಕಳಿಗೆ ತಿಳಿಯಿತೆಂದು ಗೊತ್ತಾಗುವುದು ಹೇಗೆ ಎಂಬುದನ್ನು ಶಿಕ್ಷಕರು ತರಗತಿಗೆ ಕಾಲಿಡುವ ಮೊದಲೇ ಬರೆದುಕೊಳ್ಳುವ ಟಿಪ್ಪಣಿಯೇ ಪಾಠ ಯೋಜನೆ. ಹಳೆಯ ಮೇಷ್ಟ್ರುಗಳು ಇದನ್ನು ‘ನೋಟ್ಸ್ ಆಫ್ ಲೆಸನ್’ ಎನ್ನುತ್ತಿದ್ದರು. ಇಂದು ವಾರ್ಷಿಕ ಯೋಜನೆ, ಅದರೊಳಗೆ ಘಟಕ ಯೋಜನೆ, ಘಟಕದೊಳಗೆ ಪಾಠ ಯೋಜನೆ ಎಂಬ ಅನುಕ್ರಮವಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಒಂದೇ ಜಿಲ್ಲೆಯ ತಾಲ್ಲೂಕುಗಳು. ನಾಲ್ಕರ ಮಕ್ಕಳ ಕೈಗೂ ಬರುವುದು ಅದೇ ಪಠ್ಯಪುಸ್ತಕ. ಆದರೆ ಬೆಳೆ, ನೀರು, ಕಲ್ಲು ಒಂದೊಂದು ಕಡೆ ಒಂದೊಂದು ಬಗೆ. ಪುಸ್ತಕದ ಪಾಠ ಊರಿನ ಪಾಠವೂ ಆಗುವ ಜಾಗ ಪಾಠ ಯೋಜನೆಯ ಆ ಒಂದೆರಡು ಪುಟಗಳೇ.

ಬರೆದ ಯೋಜನೆ ಇಲ್ಲದ ಕಾಲದಲ್ಲೂ ಕಲಿಕೆಗೊಂದು ಕ್ರಮವಿತ್ತು. ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಬಾಲಶಿಕ್ಷೆಗೆಂದು ದತ್ತಿ ಬಿಟ್ಟ ಉಲ್ಲೇಖಗಳು ಸಿಗುತ್ತವೆ. ಮುಂದೆ ಹಳ್ಳಿಹಳ್ಳಿಯಲ್ಲಿದ್ದ ಕೂಲಿ ಮಠಗಳಲ್ಲಿ ಮಗು ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿತ್ತು. ಆಮೇಲೆ ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆ ಬಳಪ ಹಿಡಿಯುತ್ತಿತ್ತು. ಮಗ್ಗಿ, ಅಮರಕೋಶ, ಕಾವ್ಯದ ಪದ್ಯಗಳು ಬಾಯಿಪಾಠವಾಗುತ್ತಿದ್ದವು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಬರೆದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಅವನು ಮೆಚ್ಚಿಕೊಂಡ. ಒಂದೇ ಕೋಣೆಯಲ್ಲಿ ಹಲವು ಮಟ್ಟದ ಮಕ್ಕಳನ್ನು ಕೂರಿಸಿ ಎಲ್ಲರ ಕೈಗೂ ಕೆಲಸ ಕೊಡುವ ಈ ಉಪಾಯವನ್ನು ಮರೆಯಬಾರದು. ನೂರೆಪ್ಪತ್ತು ವರ್ಷಗಳ ಬಳಿಕ ಅದು ಬೇರೆ ಹೆಸರಿನಲ್ಲಿ ಮರಳಿ ಬಂತು.

ಕಂಪನಿ ಸರ್ಕಾರದ ಶಿಕ್ಷಣ ನೀತಿಪತ್ರವಾದ 1854ರ ವುಡ್ಸ್ ಡಿಸ್ಪ್ಯಾಚ್ ಶಿಕ್ಷಕರಿಗೂ ತರಬೇತಿ ಬೇಕೆಂದಿತು. 1857ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. 1868ರಲ್ಲಿ ಆ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಹಾಸನ ಜಿಲ್ಲೆಯ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟವಾಗಿ ಅಚ್ಚು ಹಾಕಿಸಿದವರೂ ಇದೇ ರೈಸ್. ವೇಳಾಪಟ್ಟಿ, ಹಾಜರಿ ಪುಸ್ತಕ, ಇನ್‌ಸ್ಪೆಕ್ಟರರ ತಪಾಸಣೆ ಹಳ್ಳಿಗೆ ಬಂದದ್ದು ಈ ಹೊಸ ಇಲಾಖೆಯ ಜೊತೆಗೆ. ಬರೆದ ಪಾಠ ಟಿಪ್ಪಣಿಯೂ ಅದೇ ದಾರಿಯಲ್ಲಿ ಬಂತು. ಅದರ ಮೇಲೆ ಮೇಲಧಿಕಾರಿಯ ಸಹಿ ಬೀಳಬೇಕೆಂಬ ರೂಢಿಯ ಬೇರೂ ಇಲ್ಲಿಯದೇ.

ಟಿಪ್ಪಣಿಗೆ ಒಂದು ಆಕಾರ ಕೊಟ್ಟದ್ದು ಜರ್ಮನಿಯ ತತ್ತ್ವಜ್ಞಾನಿ ಹರ್ಬಾರ್ಟನ (1776–1841) ಚಿಂತನೆ. ಶಿಷ್ಯಪರಂಪರೆಯ ಜಿಲ್ಲರ್ ಮತ್ತು ರೈನ್ ಅದನ್ನು ಐದು ಮೆಟ್ಟಿಲುಗಳಾಗಿ ಕಟ್ಟಿದರು. ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂದು ಕರ್ನಾಟಕದ ತರಬೇತಿ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಶಿಕ್ಷಕರು ಇವನ್ನು ಬಾಯಿಪಾಠ ಮಾಡಿದ್ದಾರೆ. ಪೀಠಿಕೆಯ ಮೂರು ಪ್ರಶ್ನೆ, ನಾಲ್ಕನೆಯದಕ್ಕೆ ಮಕ್ಕಳಿಂದ ಉತ್ತರ ಬಾರದೆ ಇದ್ದಾಗ ‘ಹಾಗಾದರೆ ಇಂದು ನಾವು…’ ಎಂದು ಪಾಠದ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುವುದು: ಬಿ.ಎಡ್. ಮುಗಿಸಿದ ಯಾರನ್ನು ಕೇಳಿದರೂ ಈ ದೃಶ್ಯ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ.

ಮೆಟ್ಟಿಲು ಐದೇ ಆದರೂ ಎಲ್ಲ ವಿಷಯಕ್ಕೂ ಹತ್ತುವ ಬಗೆ ಒಂದೇ ಆಗಲಿಲ್ಲ. ಕನ್ನಡ ಪದ್ಯಪಾಠದಲ್ಲಿ ಮೊದಲು ಶಿಕ್ಷಕರ ಆದರ್ಶ ವಾಚನ ಅಥವಾ ಗಾಯನ, ಬಳಿಕ ಕಠಿಣ ಪದಗಳು, ಕೊನೆಗೆ ಭಾವ. ಗಣಿತದಲ್ಲಿ ಅನುಗಮನ ಪದ್ಧತಿ, ಅಂದರೆ ನಾಲ್ಕಾರು ಉದಾಹರಣೆ ಬಿಡಿಸಿ ಸೂತ್ರವನ್ನು ಮಕ್ಕಳ ಬಾಯಿಂದಲೇ ಹೊರಡಿಸುವುದು. ವಿಜ್ಞಾನಕ್ಕೆ ಪ್ರಯೋಗ, ಸಮಾಜ ವಿಜ್ಞಾನಕ್ಕೆ ನಕ್ಷೆ ಮತ್ತು ಕಾಲರೇಖೆ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದ ವಿಚಾರ ವಿಷಯಗಳ ನಡುವಿನ ಗೋಡೆಯನ್ನೇ ಪ್ರಶ್ನಿಸಿತು. ಝಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ತಕಲಿಯಲ್ಲಿ ನೂಲುವ ಮಗು ಎಳೆ ಎಣಿಸುವಾಗ ಗಣಿತ, ಹತ್ತಿ ಬೆಳೆಯುವ ಮಣ್ಣಿನಲ್ಲಿ ಭೂಗೋಳ, ಬಟ್ಟೆಯ ಕಥೆಯಲ್ಲಿ ಚರಿತ್ರೆ ಕಲಿಯಬೇಕು. ಇದನ್ನೇ ಸಹಸಂಬಂಧ ಬೋಧನೆ ಎಂದರು. ಮೂಲ ಶಿಕ್ಷಣ ಶಾಲೆಗಳು ಬಹುಕಾಲ ಉಳಿಯಲಿಲ್ಲ. ಆದರೂ ಒಂದು ವಸ್ತುವಿನ ಸುತ್ತ ಹಲವು ವಿಷಯ ಹೆಣೆಯುವ ಇಂದಿನ ಯೋಜನೆಗಳಿಗೆ ಈ ನೆಲದಲ್ಲಿ ಸಿಗುವ ಅತಿ ಗಟ್ಟಿಯಾದ ಪೂರ್ವಪಾಠ ಅದೇ.

1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಉದ್ದೇಶಗಳನ್ನು ವರ್ಗೀಕರಿಸಿದ ಮೇಲೆ ಟಿಪ್ಪಣಿ ಪುಸ್ತಕದಲ್ಲಿ ಹೊಸ ಕಾಲಂಗಳು ಎದ್ದವು: ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ. ಪ್ರತಿಯೊಂದರ ಮುಂದೆ ‘ಸ್ಮರಿಸುತ್ತಾನೆ’, ‘ಗುರುತಿಸುತ್ತಾಳೆ’, ‘ಹೋಲಿಸುತ್ತಾಳೆ’ ಎಂಬ ನಿರ್ದಿಷ್ಟ ವರ್ತನೆಗಳು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಈ ವರ್ಗೀಕರಣಕ್ಕೆ ತನ್ನದೇ ಪರ್ಯಾಯ ರೂಪಿಸಿ, ಉದ್ದೇಶಗಳನ್ನು 17 ಮಾನಸಿಕ ಪ್ರಕ್ರಿಯೆಗಳಾಗಿ ಬಿಡಿಸಿತು. ‘ಆರ್‌ಸಿಇಎಂ ವಿಧಾನ’ ಎಂಬ, ಕಾಲೇಜಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಹೆಸರಿನಲ್ಲಿ ಅದು ದೇಶದ ಬಿ.ಎಡ್. ಪುಸ್ತಕಗಳಲ್ಲೆಲ್ಲ ಜಾಗ ಪಡೆದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪ ಇದೇ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು 1991ರಲ್ಲಿ ನಿವೃತ್ತರಾದರು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಜಿಲ್ಲೆಗೊಂದು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಬಂತು. ಹಾಸನದ ಡಯಟ್, ತಾಲ್ಲೂಕಿನ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ): ಶಿಕ್ಷಕರು ಕೂಡಿ ಯೋಜನೆ ಚರ್ಚಿಸುವ ವ್ಯವಸ್ಥೆ ಹೀಗೆ ಬೆಳೆಯಿತು.

ನಿಜವಾದ ತಿರುವು ಬಂದದ್ದು ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯಿಂದ. ಆಂಧ್ರದ ರಿಷಿ ವ್ಯಾಲಿ ಶಾಲೆಗಳ ಪ್ರಯೋಗ ನೋಡಿ ಬಂದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿತು. ಇಲ್ಲಿ ಯೋಜನೆ ಶಿಕ್ಷಕರ ಪುಸ್ತಕದಿಂದ ಹೊರಬಂದು ಗೋಡೆ ಏರಿತು. ಕಲಿಕಾ ಏಣಿಯ ಮೇಲೆ ಮೈಲಿಗಲ್ಲುಗಳು, ಪ್ರತಿ ಮೈಲಿಗಲ್ಲಿಗೂ ಚಿತ್ರದ ಗುರುತಿರುವ ಕಾರ್ಡುಗಳು. ಮಗು ಏಣಿ ನೋಡಿ, ತನ್ನ ಕಾರ್ಡು ತಾನೇ ಆರಿಸಿ ತಂದು, ಅದಕ್ಕೆ ಹೊಂದುವ ತಟ್ಟೆಯ ಸುತ್ತ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಗೆಳೆಯರ ಬೆಂಬಲ, ಮತ್ತೊಂದು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ. ತಲೆಯ ಮೇಲೆ ಎಳೆದ ದಾರಗಳ ಕಲಿಕಾ ಚಪ್ಪರದಲ್ಲಿ ಮಕ್ಕಳ ಚಿತ್ರ, ಬರಹ ತೂಗುತ್ತಿರುತ್ತವೆ. ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವ ಶಿಕ್ಷಕರಿಗೆ, ಕೂಲಿ ಮಠದ ಆ ಹಳೆಯ ಉಪಾಯ ಇಷ್ಟು ಅಚ್ಚುಕಟ್ಟಾಗಿ ಒದಗಿದ್ದು ದೊಡ್ಡ ಸಾಧನೆ.

ಮೇಲಿನ ತರಗತಿಗಳಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬಳಿಕ, ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ಜ್ಞಾನರಚನಾವಾದ ಬಂತು. ಹರ್ಬಾರ್ಟನ ಐದು ಮೆಟ್ಟಿಲುಗಳ ಜಾಗದಲ್ಲಿ ‘5ಇ’ ಮಾದರಿ ಕುಳಿತಿತು: ತೊಡಗಿಸುವುದು, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಹಳೆಯ ಐದರಲ್ಲಿ ಹೆಚ್ಚಿನ ಕೆಲಸ ಮೇಷ್ಟ್ರದು. ಈ ಐದರಲ್ಲಿ ವಿವರಣೆಗೆ ಮೊದಲೇ ಮಕ್ಕಳ ಕೈಗೆ ಕೆಲಸ ಬರುತ್ತದೆ.

ಇಂಥ ಯೋಜನೆಗೆ ಹಾಸನ ಸೀಮೆಯಲ್ಲಿ ಸಾಮಗ್ರಿಗೆ ಬರವಿಲ್ಲ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಗೊರೂರಿನ ಅಣೆಕಟ್ಟೆ ದಾಟಿ, ಹೊಳೆನರಸೀಪುರವನ್ನು ಹಾಯ್ದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನದಿ ವ್ಯವಸ್ಥೆಯ ಪಾಠಕ್ಕೆ ಗಂಗೆಯ ನಕ್ಷೆಗಿಂತ ಮೊದಲು ಇದನ್ನು ಬಿಡಿಸಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿ ಮಲ್ಲಿತಮ್ಮ, ಬೈಚೋಜ ಎಂಬ ರೂವಾರಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಆ ಅಕ್ಷರಗಳ ಮುಂದೆ ಮಕ್ಕಳನ್ನು ನಿಲ್ಲಿಸಿದರೆ ಚರಿತ್ರೆ, ಲಿಪಿ, ಜ್ಯಾಮಿತಿ ಮೂರೂ ಒಟ್ಟಿಗೆ ಬರುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಅಲ್ಲಿ ತಂಬಾಕಿನ ಕೇಡಿನ ಪಾಠಕ್ಕೆ ಎರಡು ಪಟ್ಟು ಸಿದ್ಧತೆ ಬೇಕು. ಮಗುವಿನ ಮನೆಯ ಒಲೆ ಉರಿಯುವುದೇ ಆ ಬೆಳೆಯಿಂದ. ಸತ್ಯವನ್ನು ಬಿಡದೆ, ಮಗು ತಲೆ ತಗ್ಗಿಸದಂತೆ ಹೇಳುವ ಮಾತನ್ನು ಹಿಂದಿನ ರಾತ್ರಿಯೇ ಯೋಚಿಸಿಟ್ಟುಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಸಮೃದ್ಧವಾದ ಉದಾಹರಣೆ ಆಲೂಗಡ್ಡೆ. ಜಿಲ್ಲೆಯ ರೈತರು ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಳ್ಳುವ ಹೊತ್ತಿಗೆ ಶಾಲೆಯ ಬಾಗಿಲು ತೆರೆಯುತ್ತದೆ. ಗಡ್ಡೆಯನ್ನು ಎರಡು ಹೋಳು ಮಾಡಿ, ಪ್ರತಿ ಹೋಳಿನಲ್ಲೂ ಕಣ್ಣು ಇದೆಯೇ ಎಂದು ನೋಡುವುದು ಎಷ್ಟೋ ಮಕ್ಕಳಿಗೆ ಗೊತ್ತಿರುವ ಕೆಲಸ. ಆ ಕಣ್ಣು ಮೊಗ್ಗು, ಆದ್ದರಿಂದ ಆಲೂಗಡ್ಡೆ ಬೇರಲ್ಲ, ಕಾಂಡ: ವಿಜ್ಞಾನದ ಪಾಠ ಇಲ್ಲಿಂದಲೇ ಆರಂಭವಾಗಬಹುದು. ಕತ್ತರಿಸಿದ ಮುಖಕ್ಕೆ ಅಯೋಡಿನ್ ಹನಿಸಿದರೆ ನೀಲಿಗಪ್ಪಾಗಿ ಪಿಷ್ಟ ಕಾಣುತ್ತದೆ. ಎಕರೆಗೆ ಎಷ್ಟು ಚೀಲ ಬಿತ್ತನೆ, ಎಷ್ಟು ಇಳುವರಿ, ಕೊಂಡ ಬೆಲೆ ಎಷ್ಟು, ಮಾರಿದ ಬೆಲೆ ಎಷ್ಟು ಎಂಬ ಲಾಭ-ನಷ್ಟದ ಲೆಕ್ಕ ಮನೆಯಿಂದಲೇ ಬರುತ್ತದೆ. ಜಲಂಧರದಿಂದ ಹಾಸನಕ್ಕೆ ಲಾರಿ ಬರುವ ದಾರಿ, ಅದಕ್ಕೂ ಮೊದಲು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಗಡ್ಡೆ ಹೊರಟ ದಾರಿ ಭೂಗೋಳಕ್ಕೆ. ಮಳೆ ಹಿಡಿದಾಗ ಎಲೆ ಕಪ್ಪಾಗಿಸುವ ಅಂಗಮಾರಿ ರೋಗದ ಬಗ್ಗೆ ಅಪ್ಪ ಅಮ್ಮನನ್ನು ಕೇಳಿ ಹತ್ತು ಸಾಲು ಬರೆದು ತರುವುದು ಕನ್ನಡಕ್ಕೆ.

ಶಾಲೆಗಳು ಮುಚ್ಚಿದ್ದ 2020ರ ಕೋವಿಡ್ ಕಾಲದಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಊರ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಬೇಕಾಯಿತು. 2022-23ರ ‘ಕಲಿಕಾ ಚೇತರಿಕೆ’ಯಲ್ಲಿ ಹಿಂದಿನ ತರಗತಿಯ ಕಲಿಕೆಯನ್ನೂ ಸೇರಿಸಿ ಯೋಜನೆ ಬರೆಯಬೇಕಾಯಿತು. ಈಗ ತರಗತಿಯ ಪ್ರತಿ ಮಗುವೂ ಕಲಿಕೆಯಲ್ಲಿ ಎಲ್ಲಿದೆ ಎಂದು ಮೊದಲು ಗುರುತಿಸಿ ಆಮೇಲೆ ಪುಟ ತೆರೆಯುವ ರೂಢಿ ನಿಧಾನವಾಗಿ ಬೇರೂರುತ್ತಿದೆ. ಹಾಗೆಯೇ ಊರಿನ ಬೆಳೆಯ ಕಾಲಕ್ಕೂ ಹೊಂದಿಸಿ, ವಾರ್ಷಿಕ ಯೋಜನೆಯನ್ನು ಜೂನ್‌ನಲ್ಲಿ ಬರೆಯುವಾಗ ಆಲೂಗಡ್ಡೆಯ ಘಟಕವನ್ನು ಎರಡು ಕಡೆ ಗುರುತು ಹಾಕಿಕೊಳ್ಳಬಹುದು: ಬಿತ್ತನೆಯ ವಾರದಲ್ಲಿ ಒಮ್ಮೆ, ದಸರಾ ರಜೆಗೆ ಮುಂಚೆ ಗಡ್ಡೆ ಕೀಳುವ ವಾರದಲ್ಲಿ ಇನ್ನೊಮ್ಮೆ.