ಬೆಲೆ ಏರುವುದೋ, ಏರೀತೋ?

ಯುಗಾದಿಯ ದಿನ ಪಂಚಾಂಗ ಕೇಳುವಾಗ ನಾವು ಮೊದಲು ಕಿವಿಗೊಡುವುದು ಮಳೆಬೆಳೆಯ ಮಾತಿಗೆ, ಧಾನ್ಯದ ಬೆಲೆಗೆ. ಮುಂದಿನದನ್ನು ಅರಿಯುವ ಈ ಆಸೆ ಎಲ್ಲ ದೇಶದವರಿಗೂ ಉಂಟು. ಪಶ್ಚಿಮದಲ್ಲಿ ಅದನ್ನು ಪೂರೈಸುವ ಹೊಣೆಯನ್ನು ಅರ್ಥಶಾಸ್ತ್ರಜ್ಞರು ಹೊತ್ತರು. ಹೊತ್ತವರು ಪಟ್ಟ ಪಾಡು ತಿಳಿಯತಕ್ಕದ್ದು.

೧೯೨೯ರ ಅಕ್ಟೋಬರಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಅರ್ವಿಂಗ್ ಫಿಶರರು, ಷೇರುಗಳ ಬೆಲೆ ಇನ್ನು ಇಳಿಯದ ಎತ್ತರವನ್ನು ಮುಟ್ಟಿದಂತಿದೆ ಎಂದರು. ಆ ತಿಂಗಳು ಮುಗಿಯುವ ಮೊದಲೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಫಿಶರರು ಪಾಮರರಲ್ಲ, ಹಣದ ವಿಚಾರದಲ್ಲಿ ಅಂದಿನ ಅಗ್ರಗಣ್ಯ ಪಂಡಿತರು. ತಮ್ಮ ಮಾತನ್ನು ತಾವೇ ನಂಬಿ ಸ್ವಂತ ಆಸ್ತಿಯನ್ನೂ ಕಳೆದುಕೊಂಡರು.

ನಮ್ಮ ವ್ಯಾಕರಣದಲ್ಲಿ ‘ಏರುವುದು’ ಎಂಬುದು ಬೇರೆ, ‘ಏರೀತು’ ಎಂಬ ಸಂಭಾವನಾರ್ಥಕ ರೂಪ ಬೇರೆ. ಆದರೆ ಹಣದ ವಿಷಯದಲ್ಲಿ ‘ಏರೀತು’ ಎಂದರೂ ಸಾಲದು. ಆ ಸಂಭವ ಎಷ್ಟೆಂಬ ಅಳತೆಯೂ ಬೇಕು.

ಈ ಅಳತೆಯನ್ನು ಕಣ್ಣಿಗೆ ಕಾಣಿಸಹೊರಟದ್ದು ಬ್ಯಾಂಕ್ ಆಫ್ ಇಂಗ್ಲೆಂಡ್. ೧೯೯೬ರ ಫೆಬ್ರವರಿಯ ವರದಿಯಲ್ಲಿ ಅದು ಬೆಲೆಯೇರಿಕೆಯ ಅಂದಾಜನ್ನು ಒಂದೇ ಗೆರೆಯಾಗಿ ಎಳೆಯದೆ ಬೀಸಣಿಗೆಯಂತೆ ಬಿಡಿಸಿತು. ಇಂದಿಗೆ ಹತ್ತಿರದಲ್ಲಿ ಕಿರಿದು, ಕಾಲ ದೂರವಾದಂತೆ ಅಗಲ. ನಡುವೆ ಕಡುಗೆಂಪು, ಅಂಚಿನಲ್ಲಿ ತಿಳಿಗೆಂಪು. ಬಣ್ಣ ದಟ್ಟವಾದಷ್ಟೂ ಸಂಭವ ಹೆಚ್ಚು. ಇಡೀ ಬೀಸಣಿಗೆಯೂ ಒಳಗೊಳ್ಳುವುದು ನೂರಕ್ಕೆ ೯೦ ಪಾಲನ್ನು. ಉಳಿದ ೧೦ ಪಾಲು ಅದರ ಹೊರಗೆ. ತನಗೆ ತಿಳಿಯದುದು ಎಷ್ಟೆಂಬುದನ್ನು ಬ್ಯಾಂಕೇ ಬಣ್ಣದಲ್ಲಿ ಒಪ್ಪಿಕೊಂಡಂತಾಯಿತು.

ನಮ್ಮ ರಿಸರ್ವ್ ಬ್ಯಾಂಕೂ ತನ್ನ ಹಣಕಾಸು ನೀತಿಯ ವರದಿಯಲ್ಲಿ ಇಂಥ ಬೀಸಣಿಗೆಯನ್ನು ಅಚ್ಚುಮಾಡಿದೆ. ೨೦೧೬ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ, ಮುಂದಿನ ೬ರಿಂದ ೧೮ ತಿಂಗಳ ಬೆಲೆಯೇರಿಕೆಯ ಅಂದಾಜನ್ನು ಅದು ಆರು ತಿಂಗಳಿಗೊಮ್ಮೆ ಪ್ರಕಟಿಸಲೇಬೇಕು.

ಆದರೂ ಪತ್ರಿಕೆಯ ತಲೆಬರಹಕ್ಕೆ ಬರುವುದು ನಡುವಿನ ಒಂದೇ ಅಂಕಿ. ಬೀಸಣಿಗೆ ವರದಿಯ ಪುಟದಲ್ಲೇ ಉಳಿಯುತ್ತದೆ. ೨೦೨೪ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಅಂದಾಜಿನ ಕ್ರಮವನ್ನು ವಿಮರ್ಶಿಸಿದ ಬೆನ್ ಬರ್ನಾಂಕಿಯವರು, ಜನ ಈ ಚಿತ್ರವನ್ನು ಅಷ್ಟಾಗಿ ಗಮನಿಸುತ್ತಿಲ್ಲ, ಕೈಬಿಡುವುದೇ ಲೇಸೆಂದರು. ‘ಹೀಗಾದರೆ ಹೀಗೆ, ಹಾಗಾದರೆ ಹಾಗೆ’ ಎಂದು ಬೇರೆಬೇರೆ ಸಂದರ್ಭಗಳನ್ನು ವಿವರಿಸಬೇಕೆಂಬುದು ಅವರ ಸಲಹೆ. ಅನಿಶ್ಚಯವನ್ನು ಅಳೆಯುವುದಕ್ಕಿಂತ ಅದನ್ನು ಕೇಳುಗರ ಮನಸ್ಸಿಗೆ ಮುಟ್ಟಿಸುವುದೇ ಕಷ್ಟವೆಂದಾಯಿತು.

ವಾಚಕರೇ, ಮುಂದಿನ ವರ್ಷ ಬೆಲೆಗಳು ನೂರಕ್ಕೆ ೪ರಷ್ಟು ಏರುವುವೆಂದು ಯಾರಾದರೂ ಹೇಳಿದರೆ, ‘ಎಷ್ಟರಿಂದ ಎಷ್ಟರವರೆಗೆ?’ ಎಂದು ಕೇಳಿರಿ. ಮಗಳ ಮದುವೆಗೆ ಹಣ ಕೂಡಿಡುವವರಿಗೂ ಮನೆ ಕಟ್ಟಲು ಸಾಲ ತರುವವರಿಗೂ ಆ ನಾಲ್ಕಕ್ಕಿಂತ ಈ ಪ್ರಶ್ನೆಯ ಉತ್ತರವೇ ಹೆಚ್ಚು ಬೆಲೆಯುಳ್ಳದ್ದು.